ಬೈಪಾಸ್ ಆಗಿ ಮನೆಗೆ ಬಂದ ಮೇಲೆ: ಏನು ನೋಡಬೇಕು, ಏನು ಬರೆದಿಡಬೇಕು, ಯಾವಾಗ ಹೊರಡಬೇಕು

ಬೈಪಾಸ್ (ಕಟ್ಟಿಕೊಂಡ ಹೃದಯದ ರಕ್ತನಾಳಕ್ಕೆ ಬದಲಿ ದಾರಿ ಮಾಡುವುದು), ವಾಲ್ವ್ (ಹೃದಯದ ಕವಾಟ) ಬದಲಿಸುವುದು, ಇಂಥ ಓಪನ್ ಹಾರ್ಟ್ ಆಪರೇಷನ್ ಆದವರನ್ನು ಎಲ್ಲ ಸರಿಯಿದ್ದರೆ ಒಂದು ವಾರ, ಹತ್ತು ದಿನಕ್ಕೆ ಮನೆಗೆ ಕಳಿಸುತ್ತಾರೆ. ಎದೆಯ ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಲೆಕ್ಕ ಹಾಕಿ ನೋಡಿ. ಚೇತರಿಕೆಯ ಬಹುಪಾಲು ನಡೆಯುವುದು ರೋಣದ ಪಡಸಾಲೆಯಲ್ಲಿ, ಸವಣೂರಿನ ಹಿಂದಿನ ಕೋಣೆಯಲ್ಲಿ, ಹುಬ್ಬಳ್ಳಿ ನವನಗರದ ಎರಡನೇ ಮಹಡಿಯಲ್ಲಿ. ಅಲ್ಲಿ ಮಾನಿಟರ್ ಇಲ್ಲ, ರಾತ್ರಿ ಪಾಳಿಯ ನರ್ಸ್ ಇಲ್ಲ. ಮನೆಯವರೇ ಎಲ್ಲ.

ಹಾರ್ಟ್ ಆಪರೇಷನ್ ನಂತರದ ತೊಂದರೆಗಳ ಬಗ್ಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಯಾವ ತೊಂದರೆ ಸುಮಾರು ಯಾವ ಹೊತ್ತಿಗೆ ಬರುತ್ತದೆ, ಮೊದಲು ಹೇಗೆ ಕಾಣಿಸಿಕೊಳ್ಳುತ್ತದೆ ಅನ್ನುವುದು ಡಾಕ್ಟರರಿಗೆ ಚೆನ್ನಾಗಿ ಗೊತ್ತಿದೆ. ಅದು ಮನೆಯವರಿಗೂ ಗೊತ್ತಿರಬೇಕು. ನಮ್ಮ ಕಡೆ ಇದು ಇನ್ನೂ ಮುಖ್ಯ. ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿಗೆ ಗದಗಿನಿಂದ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 70ಕ್ಕೂ ಜಾಸ್ತಿ, ಹಿರೇಕೆರೂರಿನಿಂದ ಇನ್ನೂ ದೂರ. ಬೆಳಿಗ್ಗೆ ಕಂಡ ಲಕ್ಷಣಕ್ಕೆ ಬೆಳಿಗ್ಗೆಯೇ ಹೊರಟರೆ ಹಗಲಿನಲ್ಲಿ ಆಸ್ಪತ್ರೆ ಮುಟ್ಟುತ್ತೀರಿ. "ಸಂಜೆ ತನಕ ನೋಡೋಣ" ಅಂದರೆ ನಡುರಾತ್ರಿ ಗಾಡಿ ಹುಡುಕಬೇಕಾಗುತ್ತದೆ.

ನಿಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ಇಲ್ಲಿರುವುದಕ್ಕಿಂತ ಬೇರೆ ಏನಾದರೂ ಬರೆದಿದ್ದರೆ ಆ ಹಾಳೆಯನ್ನೇ ನಂಬಿ.

ಹಂತ 1: ಆಪರೇಷನ್ ತಾರೀಖು ಸಿಕ್ಕ ಕೂಡಲೇ

ತುರ್ತು ಆಪರೇಷನ್ ಆದರೆ ಈ ಹಂತಕ್ಕೆ ಸಮಯವೇ ಇರುವುದಿಲ್ಲ. ಎರಡು ಮೂರು ವಾರ ಸಿಕ್ಕರೆ ಮಾತ್ರ ಅದನ್ನು ಸುಮ್ನೆ ಕಳೆಯಬೇಡಿ.

ಮೊದಲು ಉಸಿರಾಟ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಎಳೆಯಿರಿ ಅನ್ನುತ್ತಾರಲ್ಲ, ಅದನ್ನು ಆಪರೇಷನ್‌ಗೆ ಮೊದಲೇ ರೂಢಿ ಮಾಡಿಕೊಳ್ಳಬೇಕು. 2006ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೈಪಾಸ್‌ಗೆ ಕಾಯುತ್ತಿದ್ದ 279 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಅವರೆಲ್ಲ ಶ್ವಾಸಕೋಶದ ತೊಂದರೆಯ ಅಪಾಯ ಜಾಸ್ತಿ ಇದ್ದವರು. ಉಸಿರೆಳೆಯುವ ಸ್ನಾಯುಗಳಿಗೆ ಮೊದಲೇ ತರಬೇತಿ ಪಡೆದವರಲ್ಲಿ 100ಕ್ಕೆ 18 ಜನರಿಗೆ ಶ್ವಾಸಕೋಶದ ತೊಂದರೆ ಆಯಿತು. ಪಡೆಯದವರಲ್ಲಿ 35 ಜನರಿಗೆ ಆಯಿತು. ಅಲ್ಲಿ ಬಳಸಿದ ಸಾಧನ ಬೇರೆ, ಆದರೆ ಪಾಠ ಒಂದೇ. ಎದೆ ಕೊಯ್ದ ಮೇಲೆ ಆಳವಾಗಿ ಉಸಿರು ಎಳೆಯಲು ನೋವು, ಆಗ ಹೊಸದಾಗಿ ಕಲಿಯುವುದು ಕಷ್ಟ. ಯಾವ ಸಾಧನ, ದಿನಕ್ಕೆ ಎಷ್ಟು ಸಲ ಅನ್ನುವುದನ್ನು ಫಿಸಿಯೋಥೆರಪಿಯವರಿಂದ ಕೇಳಿಕೊಳ್ಳಿ.

ಬೀಡಿ, ಸಿಗರೇಟು, ಗುಟ್ಕಾ ಅವತ್ತೇ ನಿಲ್ಲಬೇಕು. ಶುಗರ್ ಇದ್ದರೆ ಹಿಡಿತಕ್ಕೆ ತರಬೇಕು. ವಾಲ್ವ್ ಆಪರೇಷನ್ ಆದರೆ ಹುಳುಕು ಹಲ್ಲುಗಳನ್ನು ಮೊದಲೇ ತೋರಿಸಬೇಕು. ಕಾರಣ ಕೊನೆಯ ಹಂತದಲ್ಲಿದೆ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ (ಯೋಜನೆಯಲ್ಲಿ ಗೊತ್ತುಮಾಡಿದ ಚಿಕಿತ್ಸಾ ದರದ) ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ತನಕ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ, ಆ ಆಸ್ಪತ್ರೆ ಯೋಜನೆಯಲ್ಲಿದೆಯೇ ಅನ್ನುವುದನ್ನು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಿ. ಆಮೇಲೆ ಓಡಾಡುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ.

ಹಂತ 2: ಆಸ್ಪತ್ರೆಯಲ್ಲಿರುವಾಗ ಹೆದರದೆ ತಿಳಿದುಕೊಳ್ಳಬೇಕಾದ ಎರಡು ವಿಷಯ

ಒಂದು, ಎದೆಬಡಿತದ ತಾಳ ತಪ್ಪುವುದು. ಡಾಕ್ಟರರು ಇದನ್ನು ಎಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ "ಎಎಫ್" ಅನ್ನುತ್ತಾರೆ. ಹಾರ್ಟ್ ಆಪರೇಷನ್ ಆದ ನೂರು ಜನರಲ್ಲಿ 20ರಿಂದ 40 ಜನರಿಗೆ ಇದು ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಬರುವುದೇ ಹೆಚ್ಚು. "ಆಪರೇಷನ್ ಫೇಲ್ ಆಯ್ತೇನ್ರೀ" ಎಂದು ಮನೆಯವರು ಕಂಗಾಲಾಗುತ್ತಾರೆ. ಫೇಲ್ ಆಗಿರುವುದಿಲ್ಲ. ಬಹಳ ಜನರಲ್ಲಿ ಔಷಧಿಯಿಂದ ಕೆಲವೇ ದಿನ, ವಾರಗಳಲ್ಲಿ ತಾಳ ಸರಿಹೋಗುತ್ತದೆ. ಆದರೆ ಎಎಫ್ ಬಂದಿತ್ತೇ ಇಲ್ಲವೇ ಅನ್ನುವುದನ್ನು ಡಿಸ್ಚಾರ್ಜ್ ಆಗುವ ಮೊದಲು ಕೇಳಿ ಬರೆದುಕೊಳ್ಳಿ. ಬಂದಿದ್ದರೆ ಮನೆಯಲ್ಲೂ ಮರುಕಳಿಸಬಹುದು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅದಕ್ಕೇ ಕೆಲವರಿಗೆ ಕೆಲವು ವಾರ ರಕ್ತ ತೆಳು ಮಾಡುವ ಗುಳಿಗೆ ಕೊಡುತ್ತಾರೆ.

ಎರಡು, ಗೊಂದಲ. ವಯಸ್ಸಾದವರು ಎರಡನೇ, ಮೂರನೇ ರಾತ್ರಿ ತೀರಿಹೋದ ಅಣ್ಣನನ್ನು ಕರೆಯುತ್ತಾರೆ, ನಳಿಗೆ ಕಿತ್ತುಕೊಳ್ಳಲು ಹೋಗುತ್ತಾರೆ, ಮಗಳನ್ನೇ ಗುರುತು ಹಿಡಿಯುವುದಿಲ್ಲ. ಗಾಳಿ ಸೋಕಿದೆ, ಹುಚ್ಚು ಹಿಡಿದಿದೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ಇದು ಡೆಲಿರಿಯಂ, ದೊಡ್ಡ ಆಪರೇಷನ್‌ಗಳ ನಂತರ ಚೆನ್ನಾಗಿ ಗೊತ್ತಿರುವ ತೊಂದರೆ. ಕೂಡಲೇ ನರ್ಸ್‌ಗೆ ಹೇಳಿ. ಯಾಕಂದರೆ ಕೆಲವು ಸಲ ಇದರ ಹಿಂದೆ ಸೋಂಕು, ಆಕ್ಸಿಜನ್ ಕಡಿಮೆಯಾಗಿರುವುದು, ಮೂತ್ರ ಕಟ್ಟಿರುವುದು ಇರುತ್ತದೆ. ಮನೆಯವರು ಮಾಡಬಹುದಾದ ಕೆಲಸವೂ ಇದೆ. ಅವರ ಕನ್ನಡಕ, ಕಿವಿಯ ಮಷೀನು ತಂದು ಹಾಕಿ. ಹಗಲಲ್ಲಿ ಕಿಟಕಿ ಪಕ್ಕ ಕೂರಿಸಿ. "ಅಪ್ಪಾ, ನೀವು ಆಸ್ಪತ್ರೆಯಲ್ಲಿದ್ದೀರಿ, ಇವತ್ತು ಬುಧವಾರ, ನಾನು ಇಲ್ಲೇ ಇದ್ದೀನಿ" ಎಂದು ಮೆಲ್ಲಗೆ ಹೇಳುತ್ತಿರಿ. ವಾದ ಮಾಡಬೇಡಿ, ಬೈಯಬೇಡಿ. ಪರಿಚಯದ ದನಿ ಒಂದು ಹತ್ತಿರವಿದ್ದರೆ ಎಷ್ಟೋ ಸಮಾಧಾನ.

ಹಂತ 3: ಡಿಸ್ಚಾರ್ಜ್ ದಿನ

ಬಿಲ್ಲು, ಗಾಡಿ, ಸಾಮಾನು ಅಂತ ಅವಸರ ಇರುತ್ತದೆ. ಒಬ್ಬರು ಆ ಓಡಾಟ ನೋಡಿಕೊಳ್ಳಲಿ, ಇನ್ನೊಬ್ಬರು ಡಾಕ್ಟರ್ ಹತ್ತಿರ ಕೂತು ಬರೆದುಕೊಳ್ಳಲಿ. ಯಾವ ಆಪರೇಷನ್, ಎಷ್ಟು ಗ್ರಾಫ್ಟ್ (ಜೋಡಿಸಿದ ಬದಲಿ ನಾಳ), ಅದಕ್ಕೆ ಎಲ್ಲಿಂದ ನರ (ರಕ್ತನಾಳ) ತೆಗೆದಿದ್ದಾರೆ. ಹೃದಯದ ಪಂಪಿಂಗ್ ಶಕ್ತಿ ಎಷ್ಟು. ಇವತ್ತಿನ ತೂಕ, ಬಿಪಿ, ನಾಡಿ ಎಷ್ಟು. ಯಾವ ಗುಳಿಗೆ ಎಷ್ಟು ದಿನ. ರಾತ್ರಿ 2 ಗಂಟೆಗೆ ತೊಂದರೆಯಾದರೆ ಯಾವ ನಂಬರ್. ಡಿಸ್ಚಾರ್ಜ್ ಹಾಳೆಯ ಫೋಟೋ ಮನೆಯ ಮೂರು ಜನರ ಮೊಬೈಲಿನಲ್ಲಿರಲಿ.

ಊರಿಗೆ ಹೋಗುವಾಗ ಸೀಟ್ ಬೆಲ್ಟ್ ಹಾಕಲೇಬೇಕು. ಎದೆಗೂ ಬೆಲ್ಟಿಗೂ ನಡುವೆ ಮಡಚಿದ ಟವೆಲ್ ಇಡಿ. ಸಾಧ್ಯವಾದರೆ ಹಿಂದಿನ ಸೀಟು. ದಾರಿ ದೂರವಿದ್ದರೆ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ.

ಹಂತ 4: ಒಂದು ನೋಟ್‌ಬುಕ್ಕು

ಈ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಒಂದು ನೂರು ಹಾಳೆಯ ನೋಟ್‌ಬುಕ್ಕು, ಒಂದು ತೂಕದ ಮಷೀನು, ಒಂದು ಥರ್ಮಾಮೀಟರ್ ತನ್ನಿ. ಸಾಧ್ಯವಾದರೆ ಬಿಪಿ ಮಷೀನೂ ಇರಲಿ.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು, ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ ಬರೆಯಿರಿ. ಒಂದೇ ದಿನದಲ್ಲಿ 1 ಕೆಜಿ, ಅಥವಾ ವಾರದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕ ಅಲ್ಲ. ಮೈಯಲ್ಲಿ ನೀರು ನಿಲ್ಲುತ್ತಿದೆ. ಕಾಲು ಬಾಯುವ ಮೊದಲೇ, ಉಸಿರು ಕಟ್ಟುವ ಮೊದಲೇ ತೂಕ ಇದನ್ನು ಹೇಳಿಬಿಡುತ್ತದೆ. ಅವತ್ತೇ ಫೋನ್ ಮಾಡಿದರೆ ಬಹಳ ಸಲ ಗುಳಿಗೆ ಬದಲಿಸುವುದರಲ್ಲೇ ಮುಗಿಯುತ್ತದೆ. ನಾಲ್ಕು ದಿನ ಬಿಟ್ಟರೆ ಮತ್ತೆ ಅಡ್ಮಿಟ್ ಆಗಬೇಕಾದೀತು.

ಆಮೇಲೆ ನಾಡಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಸಂಖ್ಯೆ ಬರೆಯಿರಿ, ಜೊತೆಗೆ "ಸಮ" ಅಥವಾ "ತಾಳ ತಪ್ಪಿದೆ" ಎಂದೂ ಬರೆಯಿರಿ. ಜ್ವರ ಬೆಳಿಗ್ಗೆ, ಸಂಜೆ ನೋಡಿ. ಶುಗರ್ ಇದ್ದವರದು ಡಾಕ್ಟರ್ ಹೇಳಿದಷ್ಟು ಸಲ ನೋಡಿ.

ಶುಗರ್ ಮತ್ತು ಗಾಯದ ಸಂಬಂಧ ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಹಾರ್ಟ್ ಆಪರೇಷನ್ ಆದ 2,467 ಶುಗರ್ ರೋಗಿಗಳ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ಅನ್ನು ಆಗಾಗ ಚುಚ್ಚುವ ಬದಲು ರಕ್ತನಾಳದ ಮೂಲಕ ಸತತವಾಗಿ ಕೊಟ್ಟು ಸಕ್ಕರೆ ಹಿಡಿತದಲ್ಲಿಟ್ಟಾಗ, ಎದೆಯೊಳಗಿನ ಆಳದ ಸೋಂಕು ಶೇ. 2ರಿಂದ 0.8ಕ್ಕೆ ಇಳಿಯಿತು. ಅಂಕಿ ಚಿಕ್ಕದು ಅನ್ನಿಸಬಹುದು. ಆದರೆ ಆಳದ ಸೋಂಕು ಆದರೆ ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಮನೆಗೆ ಬಂದ ಮೊದಲ ವಾರ ಧಾರವಾಡ ಪೇಡೆ ಹಿಡಿದು ಬರುವ ನೆಂಟರಿಗೆ ಅದನ್ನು ಮಕ್ಕಳಿಗೆ ಕೊಡಲು ಹೇಳಿ.

ನೆಂಟರ ಮಾತು ಬಂತು. ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಹೋಗದಿದ್ದರೆ ಸಂಬಂಧವೇ ಕೆಟ್ಟೀತು. ಬರಲಿ. ಕೈ ತೊಳೆದು ಬರಲಿ, ನೆಗಡಿ ಕೆಮ್ಮು ಇದ್ದವರು ಹೊರಗಿನ ಕಟ್ಟೆಯ ಮೇಲೆ ಕೂತು ಮನೆಯವರ ಜೊತೆ ಮಾತಾಡಿ ಹೋಗಲಿ. ರೋಗಿ ಮಲಗಿದ್ದರೆ ಎಬ್ಬಿಸಬೇಡಿ.

ಗಾಯವನ್ನು ದಿನಾ ಒಬ್ಬರೇ ನೋಡಿದರೆ ಒಳ್ಳೆಯದು, ಬದಲಾವಣೆ ಬೇಗ ತಿಳಿಯುತ್ತದೆ. ಎದೆಯದೂ ನೋಡಿ, ನರ ತೆಗೆದ ಕಾಲಿನದೂ ನೋಡಿ. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್, ವಿಭೂತಿ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಸ್ನಾನಕ್ಕೆ ಡಾಕ್ಟರ್ ಒಪ್ಪಿದ ಮೇಲೆ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಉಜ್ಜದೆ ಒತ್ತಿ ಒರೆಸಿ.

ಹಂತ 5: ಎದೆಯ ಎಲುಬನ್ನು ಕಾಯುವುದು

ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಕೈ ಅಲ್ಲಾಡುವುದಿಲ್ಲ. ಎದೆಯ ಎಲುಬನ್ನೂ ಕೊಯ್ದು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ, ಆದರೆ ಅದಕ್ಕೆ ಪ್ಲಾಸ್ಟರ್ ಹಾಕಲು ಆಗುವುದಿಲ್ಲ. ಪ್ರತಿ ಉಸಿರಿಗೂ ಅದು ಅಲುಗುತ್ತಲೇ ಕೂಡಬೇಕು. ಆದ್ದರಿಂದ ಆರರಿಂದ ಎಂಟು ವಾರ ನಾಲ್ಕೈದು ಕೆಜಿಗಿಂತ ಜಾಸ್ತಿ ಭಾರ ಎತ್ತಬಾರದು, ಎಳೆಯಬಾರದು, ದೂಡಬಾರದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಜೋಳದ ಚೀಲ, ಮೊಮ್ಮಗು, ಗಿಜಿಗುಡುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದು, ಎಲ್ಲ ಇದರಲ್ಲೇ ಬಂತು.

ಹಾಗಂತ ಕೈಗಳನ್ನು ಅಲ್ಲಾಡಿಸದೆ ಕಟ್ಟಿ ಹಾಕುವುದೂ ತಪ್ಪು. ಭುಜ ಬಿಗಿದುಕೊಳ್ಳುತ್ತದೆ. ಈಗಿನ ಸಂಶೋಧಕರು ಹೇಳುವುದು ಇಷ್ಟು: ಮೊಣಕೈಗಳನ್ನು ಪಕ್ಕೆಗೆ ಹತ್ತಿರ ಇಟ್ಟುಕೊಂಡು, ನೋವಾಗದಷ್ಟು ಹಗುರ ಕೆಲಸ ಮಾಡಬಹುದು. ತಲೆ ಬಾಚಿಕೊಳ್ಳುವುದು, ಊಟ ಮಾಡುವುದು, ಅಂಗಿ ಹಾಕಿಕೊಳ್ಳುವುದು ನಡೆಯಲಿ. ಏಳುವಾಗ ಕೈ ಊರಿ ಮೇಲೆತ್ತಿಕೊಳ್ಳದೆ ಮಗ್ಗುಲಾಗಿ ಕಾಲು ಕೆಳಗಿಳಿಸಿ ಏಳಲಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡು ಕೆಮ್ಮಲಿ. ತಡೆದರೆ ಕಫ ಒಳಗೇ ಉಳಿಯುತ್ತದೆ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಮಲ ಗಟ್ಟಿಯಾಗಿದ್ದರೆ ತಿಣುಕದೆ ಡಾಕ್ಟರ್‌ಗೆ ಹೇಳಿ ಔಷಧಿ ಪಡೆಯಿರಿ.

ಹೆಣ್ಣುಮಕ್ಕಳ ಬಗ್ಗೆ ಬಿಡಿಸಿ ಹೇಳಲೇಬೇಕು. ಗಂಡಸಿಗೆ ಆಪರೇಷನ್ ಆದರೆ ಮೂರು ತಿಂಗಳು ಮಂಚ. ಮನೆಯ ಹೆಂಗಸಿಗೆ ಆದರೆ ಮೂರನೇ ವಾರಕ್ಕೆ "ಆರಾಮ ಆಗ್ಯಾರಲ್ಲ" ಎಂದು ಅಡುಗೆಮನೆ ಅವಳ ಪಾಲಾಗುತ್ತದೆ. ಜೋಳದ ರೊಟ್ಟಿ ಬಡಿಯುವುದು ಹಗುರ ಕೆಲಸ ಅಲ್ಲ. ಹಿಟ್ಟು ನಾದುವಾಗ ಎರಡೂ ತೋಳಿನ ಬಲ ಎದೆಯ ಎಲುಬಿನ ಮೇಲೆ ಬೀಳುತ್ತದೆ, ಬಡಿಯುವಾಗ ಪ್ರತಿ ಪೆಟ್ಟೂ ಅಲ್ಲಿಗೇ ಹೋಗುತ್ತದೆ. ಬಟ್ಟೆ ಒಗೆದು ಹಿಂಡುವುದೂ ಹಾಗೇ. ಎಲುಬು ಕೂಡಿದೆ ಎಂದು ಸರ್ಜನ್ ಹೇಳುವ ತನಕ ಮನೆಯವರು ರೊಟ್ಟಿ ಮಾಡಿ, ಇಲ್ಲವೇ ಕೊಂಡು ತನ್ನಿ. ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಮಾಡಿದ ರೊಟ್ಟಿ ಸಿಗದ ಓಣಿ ಇಲ್ಲ. ಇನ್ನೊಂದು, ಯಾರೂ ಸಂಕೋಚದಿಂದ ಹೇಳದ ವಿಷಯ. ಸ್ತನದ ಭಾರ ಗಾಯವನ್ನು ಎರಡೂ ಕಡೆ ಎಳೆಯುತ್ತದೆ, ಅದರಿಂದ ಗಾಯ ಬಿಟ್ಟುಕೊಳ್ಳುವ ಸಾಧ್ಯತೆ ಇದೆ. ಮೆತ್ತನೆಯ, ಮುಂದೆ ಹುಕ್ ಇರುವ, ತಂತಿ ಇಲ್ಲದ ಬ್ರಾ ಹಾಕಿಕೊಂಡರೆ ನೋವೂ ಕಡಿಮೆ, ಗಾಯಕ್ಕೂ ಒಳ್ಳೆಯದು.

ಬೈಕ್, ಟ್ರ್ಯಾಕ್ಟರ್ ಎರಡೂ ಡಾಕ್ಟರ್ ಒಪ್ಪಿದ ಮೇಲೇ.

ಹಂತ 6: ಯಾವಾಗ ಫೋನ್, ಯಾವಾಗ 108

ಅವತ್ತೇ ಫೋನ್ ಮಾಡಬೇಕಾದವು: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ನೀರು ಬಂದರೆ, ಬಾಯಿ ಬಿಟ್ಟರೆ. ಎದೆಯಲ್ಲಿ "ಕಟಕ್" ಎಂದು ಎಲುಬು ಅಲುಗಿದಂತಾದರೆ. ಮೇಲೆ ಹೇಳಿದಷ್ಟು ತೂಕ ಏರಿದರೆ. ನಾಡಿ ಹೊಸದಾಗಿ ತಾಳ ತಪ್ಪಿದರೆ. ಒಂದು ಕಾಲಿನ ಮೀನಖಂಡ ಮಾತ್ರ ಬಾತು ನೋಯುತ್ತಿದ್ದರೆ. ನರ ತೆಗೆದ ಕಾಲು ಸ್ವಲ್ಪ ಬಾಯುವುದು ಸಹಜ, ಎತ್ತಿ ಇಟ್ಟರೆ ಇಳಿಯುತ್ತದೆ. ಇಳಿಯದಿದ್ದರೆ ಕೇಳಿ. ಕೆಲವರಿಗೆ ಆಪರೇಷನ್ ಆಗಿ ಕೆಲವು ವಾರದ ಮೇಲೆ ಜ್ವರದ ಜೊತೆ, ಉಸಿರು ಎಳೆದಾಗ ಅಥವಾ ಅಂಗಾತ ಮಲಗಿದಾಗ ಜಾಸ್ತಿಯಾಗುವ ಎದೆನೋವು ಬರುತ್ತದೆ. ಇದು ಹೃದಯದ ಹೊರಪೊರೆಯ ಉರಿಯೂತ ಇರಬಹುದು. ಔಷಧಿಯಿದೆ, ತೋರಿಸಬೇಕು.

ಕೂಡಲೇ 108: ಹೊಸ ಎದೆನೋವು ಬೆವರಿನ ಜೊತೆ ಬಂದರೆ. ಕೂತಲ್ಲೇ ಉಸಿರು ಸಿಗದಿದ್ದರೆ. ಪ್ರಜ್ಞೆ ತಪ್ಪಿದರೆ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ. ನಿಲ್ಲದ ರಕ್ತಸ್ರಾವ, ಕಪ್ಪು ಮಲ ಕಂಡರೆ. ಮುಖ ಸೊಟ್ಟಗಾದಾಗ ಗಡಿಯಾರ ನೋಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದೇ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ.

ಇಲ್ಲೊಂದು ಮಾತು ತುಂಬಾ ಮುಖ್ಯ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಆಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎಷ್ಟೋ ಜೀವ ಉಳಿಸುವ ವ್ಯವಸ್ಥೆ ಇದು. ಆದರೆ ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ ಅದೇ ಇಂಜೆಕ್ಷನ್ ಒಳಗೆ ವಿಪರೀತ ರಕ್ತಸ್ರಾವ ಮಾಡಬಹುದು. ಹಾಗಾಗಿ ಯಾವ ಆಸ್ಪತ್ರೆಯ ಬಾಗಿಲು ದಾಟಿದರೂ ಬಾಯಿಂದ ಬರಬೇಕಾದ ಮೊದಲ ಮಾತು: "ಇಂಥ ತಾರೀಖಿಗೆ ಓಪನ್ ಹಾರ್ಟ್ ಆಪರೇಷನ್ ಆಗಿದೆ, ಇವು ಗುಳಿಗೆ." ರೋಗಿಯ ಜೇಬಿನಲ್ಲಿ ಇದನ್ನೇ ಒಂದು ಚೀಟಿಯಲ್ಲಿ ಬರೆದಿಡಿ.

ಹಂತ 7: ಗುಳಿಗೆ

ಬೈಪಾಸ್ ಆದವರಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಪ್ರಾಣಕ್ಕೆ ಸಮ. 17 ದೇಶಗಳ 5,065 ರೋಗಿಗಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಆಪರೇಷನ್ ಆಗಿ 48 ಗಂಟೆಯೊಳಗೆ ಆಸ್ಪಿರಿನ್ ಪಡೆದವರಲ್ಲಿ ಸಾವು ಶೇ. 1.3, ಪಡೆಯದವರಲ್ಲಿ ಶೇ. 4. ಗ್ಯಾಸ್ ಆಯಿತು, ಹೊಟ್ಟೆ ಉರಿಯಿತು ಎಂದು ನೀವೇ ನಿಲ್ಲಿಸಬೇಡಿ. ಹೊಟ್ಟೆಗೆ ಬೇರೆ ಗುಳಿಗೆ ಕೊಡುತ್ತಾರೆ. ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಕೂಡ ದಿಢೀರ್ ನಿಲ್ಲಿಸುವಂಥದ್ದಲ್ಲ. ಆರಾಮ ಅನ್ನಿಸಿದ ದಿನ ಗುಳಿಗೆ ಬಿಡುವವರು ನಮ್ಮಲ್ಲಿ ಬಹಳ. ಆ ಗುಳಿಗೆಯಿಂದಲೇ ಆರಾಮ ಅನ್ನಿಸುತ್ತಿದೆ, ಅಲ್ವಾ?

ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಬೇಡಿ. ಬೈಪಾಸ್ ಆದ ಹೊಸತರಲ್ಲಿ ಇವು ಹೃದಯಕ್ಕೂ ಕಿಡ್ನಿಗೂ ಅಪಾಯ. ಎಷ್ಟು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮೂತ್ರದ ಗುಳಿಗೆ ತೆಗೆದುಕೊಳ್ಳುವವರು ಏಪ್ರಿಲ್, ಮೇ ಬಿಸಿಲಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ನೋಡಿ ಫೋನ್ ಮಾಡಿ.

ಊಟದಲ್ಲಿ ಉಪ್ಪೇ ದೊಡ್ಡ ವಿಷಯ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ರೊಟ್ಟಿ, ಪಲ್ಯ, ಮೊಳಕೆಕಾಳು, ಮಜ್ಜಿಗೆ ಬಹಳ ಒಳ್ಳೆಯ ಊಟ. ಅದರ ಪಕ್ಕ ಕೂತಿರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಂದಲೇ ತೊಂದರೆ. ಬ್ಯಾಡಗಿ ಮೆಣಸಿನಕಾಯಿಯ ಖಾರ ಹಾಕಿ, ಉಪ್ಪು ತೆಗೆಯಿರಿ.

ಹಂತ 8: ನಡಿಗೆ, ಮನಸ್ಸು

ಮೊದಲ ವಾರ ಮನೆಯೊಳಗೇ ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ನಡೆಯುತ್ತ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು. ಆರನೇ ವಾರದ ಹೊತ್ತಿಗೆ ಬಹಳ ಜನ ಅರ್ಧ ಗಂಟೆ ನಡೆಯುತ್ತಾರೆ. ಉಣಕಲ್ ಕೆರೆ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆ, ಎಲ್ಲಾದರೂ ಸರಿ. ಬಿಸಿಲೇರುವ ಮೊದಲು ಹೋಗಿ, ಮೊದಮೊದಲು ಒಬ್ಬರೇ ಬೇಡ. ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್ (ಹೃದಯದ ರೋಗಿಗಳಿಗೆ ವ್ಯಾಯಾಮ ತರಬೇತಿ) ಇದ್ದರೆ ತಪ್ಪದೆ ಸೇರಿ. ಹೃದಯದ ರಕ್ತನಾಳದ ಕಾಯಿಲೆ ಇದ್ದವರ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2016ರ ವಿಮರ್ಶೆಯಲ್ಲಿ, ವ್ಯಾಯಾಮ ತರಬೇತಿ ಪಡೆದವರಲ್ಲಿ ಹೃದಯ ಸಂಬಂಧಿ ಸಾವು ಶೇ. 10.4ರಿಂದ 7.6ಕ್ಕೆ ಇಳಿದಿತ್ತು.

ಮನಸ್ಸಿನ ಬಗ್ಗೆ ಮನೆಯವರು ಕಡಿಮೆ ಕೇಳುತ್ತಾರೆ. ಗಟ್ಟಿ ಮನುಷ್ಯ ಅನ್ನಿಸಿಕೊಂಡವರು ಮೂರನೇ ವಾರ ಸುಮ್ಮಸುಮ್ಮನೆ ಅಳುತ್ತಾರೆ, ನಿದ್ದೆ ಬರುವುದಿಲ್ಲ, ಲೆಕ್ಕ ಮರೆತುಹೋಗುತ್ತದೆ. 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೈಪಾಸ್ ಆದ ಅರ್ಧಕ್ಕಿಂತ ಹೆಚ್ಚು ಜನರಿಗೆ ಡಿಸ್ಚಾರ್ಜ್ ವೇಳೆಗೆ ನೆನಪು, ಗಮನ ಕುಗ್ಗಿತ್ತು. ಆರು ತಿಂಗಳಿಗೆ ಅದು ಕಾಲು ಭಾಗಕ್ಕೆ ಇಳಿದಿತ್ತು. ಹಾಗಾಗಿ ಅಂಗಡಿಯ ಲೆಕ್ಕ, ಜಮೀನಿನ ಸಹಿ ಇಂಥವನ್ನು ಸ್ವಲ್ಪ ದಿನ ಮುಂದೂಡಿ. ಎರಡು ವಾರಕ್ಕಿಂತ ಜಾಸ್ತಿ ಬೇಸರ ಹಿಡಿದಿದ್ದರೆ, ಊಟ ಬಿಟ್ಟರೆ, "ಯಾಕಾದರೂ ಉಳಿದೆನೋ" ಅಂದರೆ, ಗಾಯಕ್ಕೆ ಕೀವು ಬಂದಾಗ ಎಷ್ಟು ಬೇಗ ತೋರಿಸುತ್ತೀರೋ ಅಷ್ಟೇ ಬೇಗ ತೋರಿಸಿ. ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಇರುವುದೇ ಇಂಥ ತೊಂದರೆಗಳಿಗೆ. ಅಲ್ಲಿಗೆ ಹೋಗಲು ನಾಚಿಕೆ ಬೇಡ.

ಹಂತ 9: ವಾಲ್ವ್ ಹಾಕಿಸಿಕೊಂಡವರಿಗೆ

ಮೆಟಲ್ ವಾಲ್ವ್ ಇದ್ದವರು ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿಟ್ರಾಮ್ ಗುಳಿಗೆಯನ್ನು ಬದುಕಿರುವ ತನಕ ತೆಗೆದುಕೊಳ್ಳಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಐಎನ್ಆರ್ ಎಂಬ ರಕ್ತಪರೀಕ್ಷೆಯಿಂದ ಡೋಸ್ ನಿರ್ಧಾರವಾಗುತ್ತದೆ. ಮೊದಮೊದಲು ಆಗಾಗ, ಸ್ಥಿರವಾದ ಮೇಲೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ನಿಮ್ಮ ಗುರಿ ಎಷ್ಟು ಅನ್ನುವುದು ಡಿಸ್ಚಾರ್ಜ್ ಹಾಳೆಯಲ್ಲಿರಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಿ. "ಹೊಸ ಗುಳಿಗೆ ಬಂದಿದೆ, ಪರೀಕ್ಷೆಯೇ ಬೇಡ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೆಟಲ್ ವಾಲ್ವ್ ಇದ್ದವರಿಗೆ ಅಂಥದೇ ಒಂದು ಹೊಸ ಗುಳಿಗೆ ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪು, ರಕ್ತಸ್ರಾವ ಎರಡೂ ಜಾಸ್ತಿಯಾದ ಕಾರಣ ಅರ್ಧಕ್ಕೇ ನಿಲ್ಲಿಸಿದರು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ.

ಸೊಪ್ಪು ಬಿಡಬೇಕು ಎಂಬ ಮಾತು ಅರ್ಧ ಸತ್ಯ. ಮೆಂತ್ಯೆ, ಪಾಲಕ್, ಪುಂಡಿಪಲ್ಯದಂಥ ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಗೆ ಎದುರು ಕೆಲಸ ಮಾಡುತ್ತದೆ. ಬಿಡುವ ಅಗತ್ಯವಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಡೋಸ್ ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದು ವಾರ ದಿನಾ ತಿಂದು ಮುಂದಿನ ವಾರ ಪೂರ್ತಿ ಬಿಟ್ಟರೆ ಐಎನ್ಆರ್ ಏರಿಳಿಯುತ್ತದೆ. ಹೊಸ ಔಷಧಿ ಯಾವುದೇ ಇರಲಿ, ಆ್ಯಂಟಿಬಯಾಟಿಕ್ ಆಗಲಿ, ನಾಟಿ ಔಷಧಿಯಾಗಲಿ, ಕೇಳದೆ ಬೇಡ. ಜ್ವರ ಬಂತೆಂದು ಊರಿನಲ್ಲಿ ಸೊಂಟಕ್ಕೆ ಸೂಜಿ ಮಾಡಿಸಿಕೊಳ್ಳಬೇಡಿ. ಸ್ನಾಯುವಿನೊಳಗೆ ರಕ್ತ ತುಂಬಿ ದೊಡ್ಡ ಗಡ್ಡೆಯಾದೀತು.

ರುಮ್ಯಾಟಿಕ್ ಕಾಯಿಲೆಯಿಂದ (ಗಂಟಲು ಸೋಂಕಿನ ನಂತರ ಬರುವ ಒಂದು ಜ್ವರದಿಂದ) ವಾಲ್ವ್ ಕೆಟ್ಟವರಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಬಹಳ. ವಾರ್ಫರಿನ್ ಗರ್ಭದ ಮಗುವಿಗೆ ಅಪಾಯ, ಹಾಗಂತ ಗುಳಿಗೆ ನಿಲ್ಲಿಸಿದರೆ ವಾಲ್ವ್ ಕಟ್ಟಿಕೊಂಡು ತಾಯಿಗೆ ಅಪಾಯ. ಗರ್ಭಿಣಿಯಾಗುವ ಮೊದಲೇ ಹೃದಯದ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ಬರ ಜೊತೆಗೂ ಮಾತಾಡಬೇಕು. ಮುಟ್ಟು ನಿಂತ ಅನುಮಾನ ಬಂದ ದಿನವೇ ಹೇಳಬೇಕು. ಅತ್ತೆ, ಗಂಡ, ತವರಿನವರು ಎಲ್ಲರಿಗೂ ಇದು ಗೊತ್ತಿರಲಿ. ಆ ಜ್ವರ ಮರುಕಳಿಸದಿರಲಿ ಎಂದು ಪೆನ್ಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಆಪರೇಷನ್ ಆಯಿತೆಂದು ಬಿಡಬೇಡಿ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಅದು ನಡೆಯಬೇಕು. ಅಸಿಟ್ರಾಮ್ ಜೊತೆ ಅದನ್ನು ಹೇಗೆ ಕೊಡಬೇಕು ಅನ್ನುವುದನ್ನು ಡಾಕ್ಟರರೇ ತೀರ್ಮಾನಿಸಲಿ.

ಇನ್ನು ಹಲ್ಲು. ಹಲ್ಲು ಕೀಳುವಾಗ, ವಸಡು ಕೆರೆಯುವಾಗ ಬಾಯಿಯ ಕ್ರಿಮಿಗಳು ರಕ್ತಕ್ಕೆ ಸೇರಿ ಹೊಸ ವಾಲ್ವಿನ ಮೇಲೆ ಕೂರಬಹುದು. ಹಾಗಾಗಿ ಇಂಥ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್, ಪೆನ್ಸಿಲಿನ್ ಅಲರ್ಜಿ ಇದ್ದರೆ ಬೇರೆ. ದಂತವೈದ್ಯರ ಕುರ್ಚಿಯಲ್ಲಿ ಕೂತ ಮೇಲೆ ನೆನಪಾದರೆ ತಡವಾಗುತ್ತದೆ. ಅಪಾಯಿಂಟ್‌ಮೆಂಟ್ ಕೇಳುವ ಫೋನಿನಲ್ಲೇ ವಾಲ್ವ್ ಇದೆ ಎಂದು ಹೇಳಿ, ಇತ್ತೀಚಿನ ಐಎನ್ಆರ್ ಚೀಟಿ ಜೊತೆಗೆ ಒಯ್ಯಿರಿ.